ಬಾವಿಯ ಈಸು ಮತ್ತು ಕೊಳದ ಈಜು: ಘಟಪ್ರಭೆಯ ದಂಡೆಯ ವಿದ್ಯಾರ್ಥಿಗಳಿಗೆ ಕ್ರಾಲ್ ಕಲಿಸುವ ಕ್ರಮವನ್ನು ಕುರಿತು

ಶಾಸನ, ನಾಣ್ಯ, ಕೈಫಿಯತ್ತುಗಳ ವಿಚಾರಕ್ಕೆ ಮೀಸಲಾದ ಈ ವಾರ್ಷಿಕ ಸಂಚಿಕೆಯಲ್ಲಿ ಈಜಿನ ಮಾತೇಕೆಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಮನುಷ್ಯನು ತನ್ನ ಕೈಕಾಲುಗಳನ್ನು ಬಳಸುವ ರೀತಿಗೂ ಒಂದು ಇತಿಹಾಸವುಂಟು. ಅದನ್ನು ಅರಿಯದೆ ಕಲಿಸಲು ಹೊರಟರೆ ಕಲಿಯುವವನಿಗೆ ಅನ್ಯಾಯವಾಗುವುದೂ ಉಂಟು. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹಳ್ಳಿಗಳಿಂದ ಬಂದ ಕೆಲವು ವಿದ್ಯಾರ್ಥಿಗಳೊಡನೆ ಎರಡು ಬೇಸಗೆಗಳನ್ನು ಈಜುಗೊಳದ ದಂಡೆಯಲ್ಲಿ ಕಳೆದ ಮೇಲೆ ಈ ಸಂಗತಿ ನಮಗೆ ಮನವರಿಕೆಯಾಯಿತು.

ಈ ಸೀಮೆ ನೀರಿನ ಸೀಮೆ. ಸಹ್ಯಾದ್ರಿಯಿಂದ ಇಳಿದು ಬರುವ ಘಟಪ್ರಭೆಯನ್ನು ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಅಣೆಕಟ್ಟೆ ತಡೆದಿದೆ. ಕೆಳಗೆ ಧೂಪದಾಳದಲ್ಲಿ 1897ರ ಹಳೆಯ ಒಡ್ಡು ಅದರ ನೀರನ್ನು ಕಾಲುವೆಗೆ ತಿರುಗಿಸುತ್ತದೆ. ಅಲ್ಲಿಂದ ಮುಂದೆ ಗೋಕಾಕ ಫಾಲ್ಸಿನಲ್ಲಿ ನದಿ ಸುಮಾರು 52 ಮೀಟರು ಕೆಳಕ್ಕೆ ಧುಮುಕುತ್ತದೆ. ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳೂ ಇದನ್ನೇ ಕೂಡಿಕೊಳ್ಳುವುವು. ಇಂತಹ ನಾಡಿನಲ್ಲಿ ಹುಡುಗರು ನೀರಿಗಿಳಿಯದೆ ಇರಲಾರರು. ನಮ್ಮ ಕಡೆಯ ಮಾತಿನಲ್ಲಿ ಇದಕ್ಕೆ ‘ಈಸು’ ಎಂದೇ ಹೆಸರು. ಹಳಗನ್ನಡದ ರೂಪವೂ ಅದೇ. ಹಿರಿಯಣ್ಣನೋ ಸೋದರಮಾವನೋ ಹುಡುಗನ ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನಾಗಲಿ ಬೆಂಡನ್ನಾಗಲಿ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಹೊಲದ ಬಾವಿಯ ಪಾವಟಿಗೆಯಿಂದ ನೀರಿಗೆ ದೂಡುವುದು ಹಿಂದಿನ ಪದ್ಧತಿ. ಈಗ ಬುರುಡೆಯ ಬದಲು ಪ್ಲಾಸ್ಟಿಕ್ ಡಬ್ಬಿ, ಟ್ರ್ಯಾಕ್ಟರಿನ ಟ್ಯೂಬು ಬಂದಿವೆ. ದೂಡುವ ಕೈ ಮಾತ್ರ ಬದಲಾಗಿಲ್ಲ.

ಬಾವಿಯಲ್ಲಿ ಕಲಿತ ಈಸಿಗೆ ತನ್ನದೇ ಲಕ್ಷಣಗಳುಂಟು. ತಲೆ ಸದಾ ನೀರಿನ ಮೇಲೆ. ತೋಳುಗಳು ಒಂದಾದಮೇಲೊಂದು ನೀರಿನಿಂದ ಹೊರಬಂದು ಮುಂದಕ್ಕೆ ಬೀಳುವುವು. ಕಾಲುಗಳು ಕತ್ತರಿಯಂತೆ ಅಗಲಗೊಂಡು ಕೂಡುವುವು, ಇಲ್ಲವೆ ಕಪ್ಪೆಯ ಹಾಗೆ ಒದೆಯುವುವು. ಉಸಿರಿನ ಚಿಂತೆಯೇ ಇಲ್ಲ, ಮುಖವು ಗಾಳಿಯಲ್ಲಿಯೇ ಇರುವುದಷ್ಟೆ. ಇಪ್ಪತ್ತು ಅಡಿ ಅಗಲದ ಬಾವಿಯಲ್ಲಿ ಇದಕ್ಕಿಂತ ಹೆಚ್ಚಿನದು ಬೇಕಾಗುವುದೂ ಇಲ್ಲ. ಹೊಳೆಯಲ್ಲಂತೂ ತಲೆ ಎತ್ತಿರುವುದೇ ವಿವೇಕ. ಮಳೆಗಾಲದ ಕೆಂಪು ನೀರಿನಲ್ಲಿ ಮರದ ಕೊಂಬೆ, ಮುಳ್ಳುಕಂಟಿ, ಸತ್ತ ದನ, ಏನು ತೇಲಿಬರುವುದೆಂದು ಹೇಳಲಾಗದು. ಇಂದಿಗೂ ಜಲರಕ್ಷಕರು ಮುಳುಗುವವನ ಕಡೆಗೆ ಸಾಗುವಾಗ ಅವನ ಮೇಲಿನ ಕಣ್ಣು ತಪ್ಪಬಾರದೆಂದು ತಲೆ ಎತ್ತಿಯೇ ಈಜುತ್ತಾರೆ. ವಾಟರ್ ಪೋಲೋ ಆಟಗಾರರೂ ಹಾಗೆಯೇ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪಟ್ಟಣದೊಳಗೆ ನುಗ್ಗಿದುದನ್ನು ಕಂಡವರು ಇಂತಹ ಈಸನ್ನು ತಪ್ಪೆಂದು ಸುಲಭವಾಗಿ ಹೇಳಲಾರರು.

ತಪ್ಪೆಂದು ಹೇಳುವ ಪ್ರಸಂಗ ಒದಗುವುದು ಈಜುಗೊಳದಲ್ಲಿ. ಮೂಡಲಗಿ ತಾಲೂಕಿನ ಒಂದು ಹಳ್ಳಿಯ ವಿದ್ಯಾರ್ಥಿಯೊಬ್ಬನು, ನಮ್ಮ ಬಿ.ಎ. ತರಗತಿಯವನು, ಅಂತರ ಕಾಲೇಜು ಸ್ಪರ್ಧೆಯ ಆಯ್ಕೆಗೆಂದು ಮೊದಲ ಬಾರಿಗೆ ಕೊಳಕ್ಕಿಳಿದನು. ಐವತ್ತು ಮೀಟರಿನ ಅರ್ಧ ದೂರದವರೆಗೆ ಎಲ್ಲರೊಡನೆ ಸರಿಸಮವಾಗಿ ಬಂದು, ಅನಂತರ ಏದುಸಿರು ಬಿಡುತ್ತ ಕಡೆಯವನಾದನು. ಅಲ್ಲಿದ್ದ ತರಬೇತುಗಾರರೊಬ್ಬರು ನಕ್ಕು, ಈಜೇ ಬಾರದ ಚಿಕ್ಕ ಮಕ್ಕಳ ಸಾಲಿನಲ್ಲಿ ಅವನನ್ನು ನಿಲ್ಲಿಸಿದರು. ಮರುದಿನ ಅವನು ಬರಲಿಲ್ಲ. ತುಂಬಿದ ಹೊಳೆಯನ್ನು ದಾಟಬಲ್ಲ ಇಪ್ಪತ್ತು ವರ್ಷದ ಯುವಕನಿಗೆ ‘ನಿನಗೆ ಈಜು ಬಾರದು’ ಎಂದರೆ ಅವನು ಬರುವುದಾದರೂ ಹೇಗೆ? ನಾವು ಅವನನ್ನು ಹುಡುಕಿಕೊಂಡು ಹೋದಾಗ ಅವನು ಕೇಳಿದ ಪ್ರಶ್ನೆ ಇದು: “ಸರ್, ನೀರಾಗ ಮಾರಿ ಇಟ್ಟರ ಮುಂದ ಏನ ಬರಾಕತ್ತೈತಿ ಅಂತ ಹೆಂಗ ಕಾಣಬೇಕ್ರಿ?” ಇದಕ್ಕೆ ಉತ್ತರ ಹೇಳುವುದು ನಮ್ಮಿಂದ ಆಗ ಆಗಲಿಲ್ಲ. ಉತ್ತರವನ್ನು ಹುಡುಕುತ್ತ ನಾವು ನಮ್ಮ ವೃತ್ತಿಗೆ ಸಹಜವಾದಂತೆ ಹಳೆಯ ಕಥೆಯ ಕಡೆಗೆ ತಿರುಗಿದೆವು. ಅಲ್ಲಿ ಕಂಡದ್ದು ಸೋಜಿಗವಾಗಿತ್ತು: ಈ ಹುಡುಗನ ಈಸು 1873ರ ಲಂಡನ್ನಿನಲ್ಲಿ ಜನರು ಬೆರಗಾಗಿ ನೋಡಿದ ಈಜೇ ಆಗಿದ್ದಿತು.

ಆ ಕಥೆಯನ್ನು ಸ್ವಲ್ಪದರಲ್ಲಿ ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ಇಂಗ್ಲೆಂಡಿನ ಸಭ್ಯರು ಎದೆಯೀಜನ್ನೇ ಈಜೆಂದು ತಿಳಿದಿದ್ದರು. 1844ರಲ್ಲಿ ಉತ್ತರ ಅಮೆರಿಕದ ಒಜಿಬ್ವೆ ಜನಾಂಗದ ಇಬ್ಬರು, ಫ್ಲೈಯಿಂಗ್ ಗಲ್ ಮತ್ತು ಟೊಬ್ಯಾಕೊ ಎಂಬವರು, ಲಂಡನ್ನಿನ ಕೊಳವೊಂದರಲ್ಲಿ ತೋಳುಗಳನ್ನು ಗಾಳಿಗಿರಣಿಯ ರೆಕ್ಕೆಗಳಂತೆ ತಿರುಗಿಸಿ, ಕಾಲುಗಳಿಂದ ನೀರನ್ನು ಬಡಿಯುತ್ತ ಈಜಿ ತೋರಿಸಿದರು. ಗೆದ್ದ ಫ್ಲೈಯಿಂಗ್ ಗಲ್ 130 ಅಡಿಗಳನ್ನು 30 ಸೆಕೆಂಡುಗಳಲ್ಲಿ ದಾಟಿದನು. ಅದರ ವೇಗವನ್ನು ಎಲ್ಲರೂ ಕಂಡರು. ಆದರೂ ಅದು ಒರಟು, ಐರೋಪ್ಯರಿಗೆ ತಕ್ಕುದಲ್ಲ ಎಂದು ಬದಿಗೆ ಸರಿಸಿದರು. ಮೂವತ್ತು ವರ್ಷಗಳಷ್ಟು ಕಾಲ ಕಳೆಯುವುದರೊಳಗೆ ಜಾನ್ ಆರ್ಥರ್ ಟ್ರಜನ್ ಎಂಬವನು ದಕ್ಷಿಣ ಅಮೆರಿಕದಲ್ಲಿ ಕಂಡು ಕಲಿತ ಕೈಬೀಸನ್ನು 1873ರಲ್ಲಿ ಲಂಡನ್ನಿಗೆ ತಂದನು. ಅವನ ಎರಡು ತೋಳುಗಳೂ ನೀರಿನ ಮೇಲಿನಿಂದ ಬರುತ್ತಿದ್ದವು, ತಲೆ ಮೇಲಕ್ಕೆತ್ತಿತ್ತು, ಕಾಲುಗಳು ಮಾತ್ರ ಹಳೆಯ ಎದೆಯೀಜಿನಂತೆ ಅಗಲಕ್ಕೆ ಒದೆಯುತ್ತಿದ್ದವು. ಎಂದರೆ ತೋಳು ಹೊಸದು, ಕಾಲು ಹಳೆಯದು.

ಕಾಲು ಬದಲಾಗಲು ಮತ್ತೆ ಸುಮಾರು ಮೂವತ್ತು ವರ್ಷ ಬೇಕಾಯಿತು. ಅದು ಬದಲಾದುದು ಸಿಡ್ನಿಯಲ್ಲಿ. ಸಾಲೊಮನ್ ದ್ವೀಪಗಳಿಂದ ಬಂದಿದ್ದ ಆಲಿಕ್ ವಿಕ್ಹ್ಯಾಮ್ ಎಂಬ ಹುಡುಗನು ತನ್ನ ನಾಡಿನ ರೀತಿಯಲ್ಲಿ ಕಾಲುಗಳನ್ನು ಮೇಲೆಕೆಳಗೆ ಬಡಿದು ಈಜುತ್ತಿದ್ದುದನ್ನು ಅಲ್ಲಿಯ ಈಜುಗಾರರು ಕಂಡರು. ‘ಕ್ರಾಲ್’, ಅಂದರೆ ತೆವಳು, ಎಂಬ ಹೆಸರು ಅವನನ್ನು ನೋಡಿದವರ ಉದ್ಗಾರದಿಂದಲೇ ಬಂದಿತೆಂದು ಹೇಳುವುದುಂಟು. ಕೇವಿಲ್ ಮನೆತನದ ಸೋದರರು, ಮುಖ್ಯವಾಗಿ ಡಿಕ್ ಕೇವಿಲ್, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಕಾಲ್ಬಡಿತವನ್ನು ಸ್ಪರ್ಧೆಗೆ ತಂದರು. ಅಮೆರಿಕದವರು ತೋಳಿನ ಒಂದು ಪೂರ್ಣ ಸುತ್ತಿಗೆ ಆರು ಬಡಿತಗಳನ್ನು ಕೂಡಿಸಿದರು. 1912ರಲ್ಲಿ ಸ್ಟಾಕ್‌ಹೋಮಿನ ಒಲಿಂಪಿಕ್ ಕೂಟದಲ್ಲಿ ಹವಾಯಿ ದ್ವೀಪದ ಡ್ಯೂಕ್ ಕಹನಮೊಕು 100 ಮೀಟರು ಗೆದ್ದನು. 1922ರಲ್ಲಿ ಜಾನಿ ವೈಸ್‌ಮುಲ್ಲರ್ ಅದೇ ದೂರವನ್ನು ಒಂದು ನಿಮಿಷದೊಳಗೆ ಮುಗಿಸಿದ ಮೊದಲಿಗನಾದನು. 2024ರಲ್ಲಿ ಪ್ಯಾರಿಸಿನಲ್ಲಿ ಚೀನದ ಪಾನ್ ಝಾನ್‌ಲೆ ಅದನ್ನು 46.40 ಸೆಕೆಂಡಿಗೆ ಇಳಿಸಿದನು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ‘ಫ್ರೀಸ್ಟೈಲ್’ ಎಂಬುದು ಸ್ಪರ್ಧೆಯ ಹೆಸರು, ಈಜಿನ ಹೆಸರಲ್ಲ. ಫ್ರೀಸ್ಟೈಲ್ ಸ್ಪರ್ಧೆಯಲ್ಲಿ ಯಾವ ರೀತಿಯಲ್ಲಿ ಬೇಕಾದರೂ ಈಜಬಹುದು. ಎಲ್ಲಕ್ಕಿಂತ ವೇಗದ್ದಾದ ಕಾರಣ ಎಲ್ಲರೂ ಕ್ರಾಲನ್ನೇ ಆರಿಸಿಕೊಳ್ಳುವರು. ನಮ್ಮ ಹುಡುಗನು ತನ್ನ ಈಸಿನಿಂದಲೇ ಸ್ಪರ್ಧಿಸಿದ್ದರೂ ನಿಯಮಕ್ಕೆ ಭಂಗವಿರಲಿಲ್ಲ. ಕಡೆಯವನಾಗುತ್ತಿದ್ದನು, ಅಷ್ಟೆ.

ಈ ಇತಿಹಾಸದಿಂದ ನಮಗೆ ತಿಳಿದುಬಂದುದೇನೆಂದರೆ, ಬಾವಿಯ ಈಸುಗಾರನು ಕ್ರಾಲಿನ ಅರ್ಧವನ್ನು ಆಗಲೇ ಬಲ್ಲನು. ಅವನ ತೋಳು ನೀರಿನ ಮೇಲಿನಿಂದಲೇ ಬರುತ್ತದೆ. ಬದಲಾಗಬೇಕಾದವು ಕಾಲು ಮತ್ತು ಉಸಿರು. ಆದರೆ ನಾವು ಕಂಡಮಟ್ಟಿಗೆ ಕೊಳಗಳಲ್ಲಿ ಅವನನ್ನು ತಿದ್ದತೊಡಗುವುದು ತೋಳಿನಿಂದ. ಕಣ್ಣಿಗೆ ಕಾಣುವುದು ಅದೇ ತಾನೆ! ಹೀಗಾಗಿ ಬರುವುದನ್ನೂ ಮರೆತು, ಬಾರದುದನ್ನೂ ಕಲಿಯದೆ, ಅವನು ಎರಡು ವಾರಗಳಲ್ಲಿ ಬೇಸತ್ತು ಮನೆಗೆ ಹೋಗುವನು. ಉಸಿರು ಮೊದಲು, ಕಾಲು ಅನಂತರ, ತೋಳು ಕೊನೆಗೆ: ಇದು ನಾವು ಹಿಡಿದ ಕ್ರಮ. ಏನೂ ಬಾರದ ಮಗುವಿಗೆ ಬೇರೆ ಕ್ರಮ ಸರಿಯಿರಬಹುದು. ನಮ್ಮ ಮಾತು ಬಾವಿಯಿಂದ ಬಂದವನನ್ನು ಕುರಿತದ್ದು.

ತಲೆಯನ್ನು ಏಕೆ ಇಳಿಸಬೇಕೆಂಬುದನ್ನು ಕಾರಣಸಹಿತ ಹೇಳದೆ ಇಂತಹವನಿಂದ ಏನನ್ನೂ ಮಾಡಿಸಲಾಗದು. ಮನುಷ್ಯನ ಎದೆಗೂಡಿನಲ್ಲಿ ಗಾಳಿಯುಂಟು, ಅದು ತೇಲುವ ಭಾಗ. ತೊಡೆ, ಕಾಲುಗಳು ಭಾರವಾದುವು, ಅವು ಮುಳುಗುವ ಭಾಗ. ದೇಹವು ಎದೆಯ ಮೇಲೆ ನಿಂತ ತಕ್ಕಡಿಯ ದಂಡಿಯಂತೆ. ತಲೆ ಮೇಲೆದ್ದರೆ ಕಾಲು ಕೆಳಗಿಳಿಯಲೇಬೇಕು. ಕಾಲಿಳಿದ ದೇಹವು ನೀರಿಗೆ ಓರೆಯಾಗಿ ಒಡ್ಡಿಕೊಳ್ಳುವುದು. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದುದು. ಅದರ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ವೇಗ ಇಮ್ಮಡಿಯಾದರೆ ತಡೆ ಸುಮಾರು ನಾಲ್ಮಡಿಯಾಗುತ್ತದೆ. ನಮ್ಮ ವಿದ್ಯಾರ್ಥಿ ಇಪ್ಪತ್ತೈದು ಮೀಟರಿಗೆ ದಣಿದುದು ಬಲ ಸಾಲದೆ ಅಲ್ಲ. ಬಾಗಿಲನ್ನು ಅಡ್ಡ ಹಿಡಿದು ಗಾಳಿಗೆ ಎದುರಾಗಿ ಓಡಿದವನ ಅವಸ್ಥೆ ಅವನದು. ವೈಸ್‌ಮುಲ್ಲರ್ ತಲೆಯನ್ನು ಎತ್ತರಕ್ಕಿಟ್ಟೇ ಈಜುತ್ತಿದ್ದನೆಂಬುದು ನಿಜ. ಆದರೆ ಅವನ ಕಾಲ್ಬಡಿತ ಆ ಹೊರೆಯನ್ನು ಹೊರಬಲ್ಲಷ್ಟು ಬಲವಾಗಿತ್ತು. ಅವನನ್ನು ಉದಾಹರಣೆಯಾಗಿ ತೋರಿಸಿ ವಾದಿಸಿದ ವಿದ್ಯಾರ್ಥಿಯೂ ನಮಗೆ ಸಿಕ್ಕಿದ್ದನು!

ಉಸಿರಿನ ಅಭ್ಯಾಸ ಅತ್ಯಂತ ಸರಳ, ಅತ್ಯಂತ ಕಠಿನ. ಎದೆಮಟ್ಟದ ನೀರಿನಲ್ಲಿ ನಿಂತು, ಕೊಳದ ಅಂಚನ್ನು ಹಿಡಿದು, ಮುಖವನ್ನು ಮುಳುಗಿಸಿ ಮೂಗುಬಾಯಿಗಳಿಂದ ಗುಳ್ಳೆಗಳು ಬರುವಂತೆ ನಿಧಾನವಾಗಿ ಉಸಿರು ಬಿಡಬೇಕು. ಅನಂತರ ತಲೆಯನ್ನು ಎತ್ತದೆ ಪಕ್ಕಕ್ಕೆ ಹೊರಳಿಸಿ, ಒಂದು ಕಣ್ಣು ನೀರೊಳಗಿರುವಂತೆಯೇ ಬಾಯಿಂದ ಉಸಿರೆಳೆಯಬೇಕು. ಬಾವಿಯ ಹುಡುಗರು ಮುಖ ಮುಳುಗಿಸಿದೊಡನೆ ಉಸಿರು ಕಟ್ಟುವರು. ಇದೇ ಘಟಪ್ರಭೆಯ ದಂಡೆಯ ಮುಧೋಳದಲ್ಲಿ ಹುಟ್ಟಿದ ರನ್ನಕವಿಯ ಗದಾಯುದ್ಧದಲ್ಲಿ ದುರ್ಯೋಧನನು ಜಲಸ್ತಂಭನ ವಿದ್ಯೆಯಿಂದ ವೈಶಂಪಾಯನ ಸರೋವರದಲ್ಲಿ ಅಡಗಿದುದನ್ನು ನಮ್ಮ ವಿದ್ಯಾರ್ಥಿಗಳು ಪಠ್ಯದಲ್ಲಿ ಓದಿಯೇ ಇರುವರು. ಕ್ರಾಲಿಗೆ ಆ ವಿದ್ಯೆ ಒದಗುವುದಿಲ್ಲ. ಕಟ್ಟಿದ ಉಸಿರು ಎದೆಯನ್ನು ಉಬ್ಬಿಸಿ ಕಾಲನ್ನು ಇನ್ನಷ್ಟು ಕೆಳಗಿಳಿಸುತ್ತದೆ; ಹೊರಹೋಗದ ಇಂಗಾಲದ ಡೈಆಕ್ಸೈಡಿನಿಂದ ದಿಗಿಲು ಹುಟ್ಟುತ್ತದೆ. ಯಾರು ಹೆಚ್ಚು ಹೊತ್ತು ಮುಳುಗಿರುವರೆಂಬ ಪಂದ್ಯ ನಮ್ಮ ಬಾವಿಗಳಲ್ಲಿ ಸಾಮಾನ್ಯ. ಮುಳುಗುವ ಮೊದಲು ಬಿರಬಿರನೆ ಹಲವು ಬಾರಿ ಉಸಿರೆಳೆದು ಬಿಟ್ಟರೆ ಆ ದಿಗಿಲಿನ ಮುನ್ಸೂಚನೆಯೇ ಅಳಿಸಿಹೋಗಿ, ನೀರಿನೊಳಗೇ ಎಚ್ಚರ ತಪ್ಪುವುದುಂಟು. ಒಳ್ಳೆಯ ಈಸುಗಾರರು ಸಾಯುವ ಒಂದು ಬಗೆ ಇದು. ಅಧ್ಯಾಪಕರು ಈ ಪಂದ್ಯವನ್ನು ಸ್ಪಷ್ಟವಾಗಿ ತಡೆಯಬೇಕು.

ಕಾಲ್ಬಡಿತಕ್ಕೆ ಬರೋಣ. ಕ್ರಾಲಿನಲ್ಲಿ ದೇಹವನ್ನು ಮುಂದಕ್ಕೊಯ್ಯುವ ಕೆಲಸದ ಬಹುಪಾಲು ತೋಳುಗಳದು. ಕಾಲುಗಳ ಮುಖ್ಯ ಉಪಕಾರವೆಂದರೆ ದೇಹವನ್ನು ಮಟ್ಟಸವಾಗಿ ಹಿಡಿಯುವುದು, ಹೊರಳುವಾಗ ಸಮತೋಲ ಕಾಯುವುದು. ದೂರದ ಈಜಿನಲ್ಲಿ ಸುತ್ತಿಗೆ ಎರಡೇ ಬಡಿತ ಹಾಕಿ ಕಾಲಿನ ಬಲವನ್ನು ಉಳಿಸುವವರಿದ್ದಾರೆ. ಚಿಕ್ಕ ದೂರಕ್ಕೆ ಆರು ಬಡಿತ ಬೇಕು. ಬಡಿತವು ಸೊಂಟದ ಕೀಲಿನಿಂದ ಹೊರಡಬೇಕು, ಮೊಣಕಾಲು ತುಸುವೇ ಬಾಗಬೇಕು, ಹರಡು ಸಡಿಲವಾಗಿ ಪಾದವು ಮೀನಿನ ಬಾಲದಂತೆ ಹಿಂದಕ್ಕೆ ಚಾಚಿರಬೇಕು. ನಮ್ಮ ಹುಡುಗರಲ್ಲಿ ಕಂಡುಬರುವ ದೋಷಗಳೆರಡು: ಸೈಕಲ್ ತುಳಿದಂತೆ ಮೊಣಕಾಲನ್ನು ಹೊಟ್ಟೆಯ ಕಡೆಗೆ ಎಳೆಯುವುದು, ಉಸಿರೆಳೆಯುವ ಹೊತ್ತಿಗೆ ಹಳೆಯ ಕತ್ತರಿ ಮರಳಿ ಬರುವುದು. ಈ ಕತ್ತರಿ ಬರುವುದು ಕಾಲಿನ ತಪ್ಪಿನಿಂದಲ್ಲ. ತಲೆಯನ್ನು ಎತ್ತಿದಾಗ ಕಳೆದುಹೋದ ಸಮತೋಲವನ್ನು ದೇಹವು ಹಾಗೆ ಮರಳಿ ಹಿಡಿಯುತ್ತದೆ. ಉಸಿರನ್ನು ತಿದ್ದಿದರೆ ಕತ್ತರಿ ತಾನಾಗಿ ಕಡಮೆಯಾಗುವುದನ್ನು ನಾವು ಮತ್ತೆ ಮತ್ತೆ ನೋಡಿದ್ದೇವೆ.

ಕಾಲಿಗಾಗಿ ಬಿಡಿ ಅಭ್ಯಾಸಗಳು, ಅಂದರೆ ತರಬೇತುಗಾರರು ಡ್ರಿಲ್ ಎನ್ನುವುವು, ಹಲವುಂಟು. ಹಲಗೆಯನ್ನು ಹಿಡಿದು ಕಾಲು ಬಡಿಯುವುದು ಎಲ್ಲರೂ ಬಲ್ಲದ್ದು. ಬಾವಿಯವನಿಗೆ ಅದನ್ನು ಮೊದಲಿಗೇ ಕೊಡಬಾರದೆಂದು ನಮ್ಮ ಅಭಿಪ್ರಾಯ. ಹಲಗೆ ಹಿಡಿದವನು ತಲೆ ಎತ್ತಿಯೇ ಇರುವನು, ಬಿಡಿಸಬೇಕಾದ ಚಾಳಿ ಇನ್ನಷ್ಟು ಗಟ್ಟಿಯಾಗುವುದು. ಅದರ ಬದಲು ಪಕ್ಕಕ್ಕೆ ಮಲಗಿ ಬಡಿಯುವ ಅಭ್ಯಾಸ ಮೇಲು. ಕೆಳಗಿನ ತೋಳನ್ನು ಮುಂದಕ್ಕೆ ಚಾಚಿ, ಮೇಲಿನ ತೋಳನ್ನು ತೊಡೆಯ ಮೇಲಿಟ್ಟು, ಕಿವಿಯನ್ನು ತೋಳಿಗೆ ತಾಗಿಸಿ ಆರು ಬಡಿತ ಎಣಿಸುವುದು. ಅನಂತರ ಒಂದು ತೋಳಬೀಸಿನೊಡನೆ ಇನ್ನೊಂದು ಪಕ್ಕಕ್ಕೆ ಹೊರಳಿ ಮತ್ತೆ ಆರು. ಉಸಿರು, ಕಾಲು, ಹೊರಳು ಮೂರೂ ಇದರಲ್ಲಿ ಒಟ್ಟಿಗೆ ಬರುವುವು. ಮತ್ತೊಂದು ಅಭ್ಯಾಸ ನಿಂತು ಬಡಿಯುವುದು: ಆಳದ ನೀರಿನಲ್ಲಿ ನೆಟ್ಟಗೆ ನಿಂತು, ಕೈಗಳನ್ನು ಎದೆಯ ಮೇಲೆ ಕಟ್ಟಿ, ಸಣ್ಣ ವೇಗದ ಬಡಿತದಿಂದಲೇ ಮುಖವನ್ನು ನೀರಿನ ಮೇಲಿಡುವುದು. ಕತ್ತರಿಗೂ ಸೈಕಲ್ಲಿಗೂ ಇಲ್ಲಿ ಎಡೆಕೊಡಬಾರದು. ಹದಿನೈದು ಇಪ್ಪತ್ತು ಸೆಕೆಂಡು ಬಡಿದು ಅಷ್ಟೇ ಹೊತ್ತು ವಿಶ್ರಮಿಸಿದರೆ ಸಾಕು. ಉದ್ದಕ್ಕೆ ಈಜಲು ಬಾರದ ನಮ್ಮ ಹೊಲದ ಬಾವಿ ಈ ಒಂದು ಅಭ್ಯಾಸಕ್ಕೆ ಕೊಳಕ್ಕಿಂತಲೂ ಅನುಕೂಲ. ನಮ್ಮ ವಿದ್ಯಾರ್ಥಿಯು ಊರಿಗೆ ಹೋದಾಗ ಅಣ್ಣನನ್ನು ಪಾವಟಿಗೆಯ ಮೇಲೆ ಕೂರಿಸಿ ಇದನ್ನೇ ಮಾಡುತ್ತಿದ್ದನು.

ಆಮೇಲೆ ತೋಳು. ಇಲ್ಲಿ ಕಲಿಸಬೇಕಾದುದು ನೀರನ್ನು ಹಿಡಿಯುವ ಬಗೆ. ಚಾಚಿದ ಕೈ ನೀರನ್ನು ಕೆಳಕ್ಕೆ ಒತ್ತಿದರೆ ದೇಹ ಮೇಲೇಳುತ್ತದೆಯೇ ಹೊರತು ಮುಂದಕ್ಕೆ ಹೋಗುವುದಿಲ್ಲ. ಬಾವಿಯವನು ತಲೆಯನ್ನು ಮೇಲಿಡಲು ಮಾಡುವುದೇ ಅದು. ಮೊಣಕೈಯನ್ನು ಮೇಲೆಯೇ ಉಳಿಸಿ, ಅಂಗೈ ಮುಂಗೈಗಳೆರಡನ್ನೂ ಹುಟ್ಟಿನ ಹಲಗೆಯಂತೆ ಹಿಂದಕ್ಕೆ ಎಳೆಯಬೇಕು. ಮುಷ್ಟಿ ಕಟ್ಟಿಕೊಂಡು ಈಜುವ ಅಭ್ಯಾಸ ಇದನ್ನು ಮಾತಿಲ್ಲದೆ ಕಲಿಸುತ್ತದೆ. ಅಂಗೈಯ ಆಸರೆ ತಪ್ಪಿದೊಡನೆ ಮುಂಗೈ ಕೆಲಸಕ್ಕೆ ಬರುತ್ತದೆ; ಮುಷ್ಟಿ ಬಿಚ್ಚಿದಾಗ ಕೈ ಇಮ್ಮಡಿ ಅಗಲವಾದಂತೆ ತೋರುತ್ತದೆ. ನೀರಿನ ಮೇಲೆ ಬೆರಳ ತುದಿಯನ್ನು ಎಳೆಯುತ್ತ ತೋಳನ್ನು ಮುಂದಕ್ಕೆ ತರುವ ಅಭ್ಯಾಸದಿಂದ ಭುಜದ ಬಿಗಿ ಸಡಿಲುತ್ತದೆ. ಒಂದು ಕೈ ಮುಂದೆ ಕಾದಿದ್ದು, ಇನ್ನೊಂದು ಬಂದು ಮುಟ್ಟಿದ ಮೇಲೆಯೇ ಹೊರಡುವ ಅಭ್ಯಾಸವೂ ಪ್ರಸಿದ್ಧವಾದುದು. ಅವಸರದ ಕೈಗೆ ಅದು ಒಳ್ಳೆಯ ಮದ್ದು. ಅತಿಯಾದರೆ ಪ್ರತಿ ಬೀಸಿನ ನಡುವೆ ದೇಹ ನಿಂತು ನಿಂತು ಹೊರಡುವ ಹೊಸ ರೋಗವೇ ಹತ್ತುತ್ತದೆ.

ನೀರೊಳಗೆ ಕೈ ಸಾಗಬೇಕಾದ ದಾರಿಯ ಬಗೆಗೆ ಪಂಡಿತರಲ್ಲಿಯೂ ಮತ ಬದಲಾಗಿದೆ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಜೇಮ್ಸ್ ಕೌನ್ಸಿಲ್‌ಮನ್ ಎಂಬ ತರಬೇತುಗಾರರು ನೀರಿನಡಿಯ ಚಲನಚಿತ್ರಗಳನ್ನು ತೆಗೆದು ಪರೀಕ್ಷಿಸಿ 1968ರಲ್ಲಿ ಒಂದು ದೊಡ್ಡ ಗ್ರಂಥವನ್ನೇ ಬರೆದರು. ಕೈ ಬಳುಕಿನ ದಾರಿಯಲ್ಲಿ ಸಾಗಿ, ವಿಮಾನದ ರೆಕ್ಕೆಯಂತೆ ಎತ್ತುವ ಬಲವನ್ನು ಪಡೆಯುವುದೆಂಬ ವಿಚಾರ ಅವರಿಂದ ಹರಡಿ ಬಹುಕಾಲ ನಡೆಯಿತು. ಈಚಿನವರು ನೀರನ್ನು ನೇರವಾಗಿ ಹಿಂದಕ್ಕೆ ತಳ್ಳುವುದರಿಂದಲೇ ಹೆಚ್ಚಿನ ಬಲವೆಂದು ತಿಳಿಯುವರು. ಆದರೆ ಚಲನೆಯನ್ನು ಬಿಡಿಬಿಡಿಯಾಗಿ ನೋಡಿ ತಿದ್ದಬೇಕೆಂಬ ಅವರ ಪದ್ಧತಿ ಉಳಿದುಬಂದಿದೆ.

ಬಿಡಿ ಅಭ್ಯಾಸಗಳ ಮೇಲೆ ಅತಿಯಾದ ಭರವಸೆಯೂ ಸಲ್ಲದು. ಎಲ್ಲ ಡ್ರಿಲ್ಲುಗಳನ್ನೂ ಚೆನ್ನಾಗಿ ಮಾಡಿ, ಈಜು ಎಂದೊಡನೆ ಹಳೆಯ ಈಸಿಗೇ ಮರಳುವವರನ್ನು ನಾವು ಕಂಡಿದ್ದೇವೆ. ಆದಕಾರಣ 25 ಮೀಟರು ಬಿಡಿ ಅಭ್ಯಾಸ, ಕೂಡಲೇ 25 ಮೀಟರು ಪೂರ್ಣ ಈಜು, ಹೀಗೆ ಜೋಡಿಸಬೇಕು. ಒಂದು ದಿನಕ್ಕೆ ಎರಡು ಅಭ್ಯಾಸಗಳಿಗಿಂತ ಹೆಚ್ಚು ಬೇಡ. ದಣಿದ ಮೇಲೆ ಡ್ರಿಲ್ ಮಾಡಿಸಲೇಬಾರದು. ದಣಿದ ದೇಹ ಹಳೆಯದನ್ನೇ ನೆನೆಯುತ್ತದೆ. ಪ್ರಗತಿಯನ್ನು ಅಳೆಯಲು ಗಡಿಯಾರಕ್ಕಿಂತ ಎಣಿಕೆ ಲೇಸು: 25 ಮೀಟರಿಗೆ ಎಷ್ಟು ತೋಳಬೀಸು ಎಂಬುದನ್ನು ಹುಡುಗನೇ ಎಣಿಸಲಿ. ವೇಗ ತಗ್ಗದೆ ಎಣಿಕೆ ತಗ್ಗಿದರೆ ಕಲಿಕೆ ಸರಿಯಾದ ದಾರಿಯಲ್ಲಿದೆ.

ಹೆಣ್ಣುಮಕ್ಕಳ ವಿಷಯವನ್ನು ಇಲ್ಲಿ ಹೇಳದಿದ್ದರೆ ಲೋಪವಾದೀತು. ಬೆಂಗಳೂರಿನ ನಿಶಾ ಮಿಲೆಟ್ 2000ದಲ್ಲಿ ಸಿಡ್ನಿಯ ಒಲಿಂಪಿಕ್ ಕೂಟದಲ್ಲಿ, ಅದೇ ನಗರದ ಧಿನಿಧಿ ದೇಸಿಂಗು ತನ್ನ ಹದಿನಾಲ್ಕನೆಯ ವಯಸ್ಸಿನಲ್ಲಿ 2024ರ ಪ್ಯಾರಿಸ್ ಕೂಟದಲ್ಲಿ, 200 ಮೀಟರು ಫ್ರೀಸ್ಟೈಲ್ ಈಜಿದರು. ನಮ್ಮ ಹಳ್ಳಿಗಳ ಬಾವಿಯ ಪಾವಟಿಗೆಗಳ ಮೇಲೆ ಮಾತ್ರ ಹುಡುಗಿಯರು ಕೊಡ ಹಿಡಿದು ನಿಂತುದನ್ನಲ್ಲದೆ ಈಸು ಕಲಿಯುತ್ತಿದ್ದುದನ್ನು ನಾವು ಕಂಡಿಲ್ಲ. ಮರೆಯಬೇಕಾದ ಚಾಳಿ ಅವರಿಗೆ ಯಾವುದೂ ಇಲ್ಲ. ಕೊಳಕ್ಕೆ ಬಂದ ಇಬ್ಬರು ವಿದ್ಯಾರ್ಥಿನಿಯರು ಪಕ್ಕಕ್ಕೆ ಉಸಿರೆಳೆಯುವುದನ್ನು ಹುಡುಗರಿಗಿಂತ ಬೇಗ ಕಲಿತರು.

ಅಭ್ಯಾಸದ ಸ್ಥಳದ ಬಗೆಗೆ ಒಂದು ಎಚ್ಚರಿಕೆ ಅಗತ್ಯ. ಕಾಲುವೆಯು ನೇರವಾಗಿ, ಉದ್ದವಾಗಿ, ಈಜುಗೊಳದಂತೆಯೇ ಕಾಣುವುದರಿಂದ ಅಲ್ಲಿ ಕ್ರಾಲ್ ಅಭ್ಯಾಸ ಮಾಡುವ ಆಸೆ ಹುಡುಗರಿಗೆ ಆಗುವುದು. ಕಟ್ಟಿದ ಇಳಿಜಾರು ದಂಡೆಯಲ್ಲಿ ಪಾಚಿಯುಂಟು, ಹಿಡಿಯಲು ಏನೂ ಇಲ್ಲ, ಮುಖ ಮುಳುಗಿಸಿದವನಿಗೆ ಸೆಳೆತದ ಅರಿವಾಗುವುದಿಲ್ಲ. ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡಗಳು ಇನ್ನೂ ಕೆಟ್ಟವು. ಜಾರಿದವನು ಎಷ್ಟು ಬಲ್ಲವನಾದರೂ ಹತ್ತಿ ಬರಲಾರನು. ಫಾಲ್ಸಿನ ಮೇಲುಭಾಗದ ಹೊಳೆಯ ಮಾತನ್ನು ಆಡುವುದೇ ಬೇಡ.

ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಕೊನೆಗೆ ನಾವು ಕೊಟ್ಟ ಉತ್ತರ ಇಷ್ಟು: ಕೊಳದಲ್ಲಿ ಮುಂದೆ ಏನೂ ಬರುವುದಿಲ್ಲ, ಆದ್ದರಿಂದ ಅಲ್ಲಿ ಕೆಳಗೆ ಎಳೆದ ಕಪ್ಪು ಗೆರೆಯನ್ನು ನೋಡು, ಹೊಳೆಯಲ್ಲಿ ಬರುತ್ತದೆ, ಆದ್ದರಿಂದ ಅಲ್ಲಿ ನಿನ್ನ ಈಸನ್ನೇ ಈಸು. ಎರಡನ್ನೂ ಇಟ್ಟುಕೊಳ್ಳಲು ಬಿಟ್ಟ ಮೇಲೆ ಅವನು ಕೊಳಕ್ಕೆ ತಪ್ಪದೆ ಬಂದನು. ಎರಡನೆಯ ಬೇಸಗೆಯ ಕೊನೆಗೆ 25 ಮೀಟರಿಗೆ ಅವನ ತೋಳಬೀಸುಗಳು ಮೂವತ್ತೊಂದರಿಂದ ಇಪ್ಪತ್ತೆರಡಕ್ಕೆ ಇಳಿದಿದ್ದವು. ಸ್ಪರ್ಧೆಯಲ್ಲಿ ಅವನು ಗೆಲ್ಲಲಿಲ್ಲ, ಐದನೆಯವನಾದನು. ಕೊನೆಯ ಹತ್ತು ಮೀಟರುಗಳಲ್ಲಿ ಬಳಲಿದಾಗ ತಲೆ ಮತ್ತೆ ಮೇಲೆದ್ದು ಕತ್ತರಿಕಾಲು ಬಂದಿತು. ಈಗ ಅವನು ಊರ ಬಾವಿಯಲ್ಲಿ ತಮ್ಮಂದಿರಿಬ್ಬರಿಗೆ ಈಸು ಕಲಿಸುತ್ತಿದ್ದಾನೆ. ಡಬ್ಬಿ ಕಟ್ಟುವ ಮೊದಲು ಪಾವಟಿಗೆಯ ಮೇಲೆ ಕೂರಿಸಿ, ನೀರಿನಲ್ಲಿ ಮುಖವಿಟ್ಟು ಗುಳ್ಳೆ ಬಿಡಿಸುತ್ತಾನೆ.